ನಕ್ಷೆಯಲ್ಲಿ ಇಲ್ಲದ ಜನರೇಟರುಗಳು

ಕರೆಂಟು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ ಎಂದು ನಮ್ಮ ಸಾಹೇಬರು ನಂಬಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ವಾಡಿಯ ವಿದ್ಯುತ್ ಕಚೇರಿಯಲ್ಲಿ ಕಿರಿಯ ಎಂಜಿನಿಯರ್. ನಾವು ದಿನವೂ ತಾಸುಗಟ್ಟಲೆ ಕರೆಂಟು ತೆಗೆಯುತ್ತಿದ್ದೆವು. ಹಾಗಾಗಿ ಶಹಾಬಾದ್ ಕಡೆಯ ಪರಸಿ ಕಲ್ಲಿನ ಪಾಲಿಶ್‌ನವರು, ಚಿತ್ತಾಪುರ ಕಡೆಯ ಬೇಳೆ ಮಿಲ್ಲಿನವರು ಒಬ್ಬೊಬ್ಬರಾಗಿ ಜನರೇಟರ್ ತಂದಿಟ್ಟುಕೊಂಡರು.

ಜನರೇಟರ್ ಹಚ್ಚುವ ಮೊದಲು ಬೋರ್ಡಿನ ಮೂರೂ ಫ್ಯೂಸ್ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುವುದು ಅವರ ಪದ್ಧತಿ. ಕೀಳದಿದ್ದರೆ ಆ ಕರೆಂಟು ಹಿಂದಕ್ಕೆ ಹರಿದು ನಮ್ಮ ತಂತಿಗೆ ಏರುತ್ತದೆ. ಅದನ್ನು ತಡೆಯುವ ಸ್ವಿಚ್ ಅಂಗಡಿಯಲ್ಲೇ ಸಿಗುತ್ತಿತ್ತು. ಕಿಸೆ ಇರುವಾಗ ಸ್ವಿಚ್ ಯಾರಿಗೆ ಬೇಕು?

ಒಂದು ಮಧ್ಯಾಹ್ನ ಸಬ್‌ಸ್ಟೇಷನ್ನಿನಲ್ಲಿ ಲೈನ್ ಬಂದ್ ಮಾಡಿಸಿ, ಬಂದ್ ಆಗಿದೆ ಎಂದು ಬರೆದ ಚೀಟಿ ಪಡೆದು, ನಮ್ಮ ಹಿರಿಯ ಲೈನ್‌ಮನ್‌ ಕಾಕಾನನ್ನು ನಾನೇ ಕಂಬದ ಬಳಿಗೆ ಕರೆದೊಯ್ದೆ. ಹತ್ತುವ ಮೊದಲು ಆತ ರೂಢಿಯಂತೆ, ನೆಲಕ್ಕೆ ಕಟ್ಟಿದ ಚೈನನ್ನು ತಂತಿಗಳ ಮೇಲೆ ಎಸೆದ. ಫಟ್ಟೆಂದು ಕಿಡಿ ಹಾರಿತು. ಪಾಲಿಶ್‌ನವನೊಬ್ಬ ಫ್ಯೂಸ್ ಕೀಳಲು ಮರೆತಿದ್ದ.

"ಮೇಡಂರೀ, ಚೀಟೀನೂ ಖರೇ ಅದ, ಕರೆಂಟೂ ಖರೇ ಅದ. ನಾ ಯಾವುದು ನಂಬಲಿ?" ಎಂದ ಕಾಕಾ.

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಹೊಸ ಲೈನ್ ಎಳೆಯುವ ಯೋಜನೆಯ ನಕ್ಷೆಯನ್ನು ನಾನೇ ಬರೆದಿದ್ದೆ. ಅದರಲ್ಲಿ ಒಂದೇ ಒಂದು ಜನರೇಟರ್ ಇರಲಿಲ್ಲ.

ಮರುದಿನದಿಂದ ಕಾಕಾನ ಜೊತೆ ಅಂಗಳ ಅಂಗಳ ತಿರುಗಿದೆ. ಯಾರ ಬಳಿ ಎಷ್ಟು ಶಕ್ತಿಯ ಯಂತ್ರವಿದೆ, ಯಾವಾಗ ಹಚ್ಚುತ್ತಾರೆ, ಎಲ್ಲ ಕೇಳಿ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಟ್ಟೆ. ಮಿಲ್ಲಿನವರೊಬ್ಬರು ಹೆದರಿದರು. "ಬರಕೊಂಡು ಕೇಸ್ ಹಾಕ್ತೀರೇನ್ರಿ?"

"ಕೇಸ್ ಅಲ್ಲರಿ ಸಾವ್ಕಾರ್ರ," ಎಂದ ಕಾಕಾ, "ನನ್ನ ಜೀವ ಎಲ್ಲೆಲ್ಲಿ ಅದ ಅಂತ ಬರಕೊಳ್ಳಾಕತ್ತೀವಿ."

ಚುಕ್ಕೆಗಳನ್ನು ಕಂಡು ಸಾಹೇಬರು ಕೆಂಡವಾದರು. "ಮಂದಿ ಮಷೀನು ನಮ್ಮ ನಕ್ಷೇದಾಗ ಯಾಕ? ಅಳಿಸ್ರಿ."

"ಅಳಿಸಂಗಿಲ್ಲ ಸರ್," ಎಂದೆ ನಾನು. "ಇವತ್ತು ಇಷ್ಟವ, ನಾಳೆ ಇನ್ನೂ ಬರ್ತಾವ. ಇವೆಲ್ಲ ಇಲ್ಲೇ ಇಲ್ಲ ಅಂತ ನಿಮಗ ಖಾತ್ರಿ ಇದ್ರ ಬರ್ರಿ, ಮೊದಲು ನೀವೇ ಕಂಬ ಹತ್ರಿ."

ಕಚೇರಿಯವರೆಲ್ಲ ಫೈಲಿನೊಳಗೆ ತಲೆ ಹುದುಗಿಸಿದರು. ಸಾಹೇಬರು ಕಂಬ ಹತ್ತಲಿಲ್ಲ. ಚುಕ್ಕೆಗಳಿಗೆ ಬಿಳಿ ಬಣ್ಣ ಬಳಿಸಿ ನಕ್ಷೆಯನ್ನು ಮೇಲಕ್ಕೆ ಕಳಿಸಿದರು, ನನ್ನನ್ನು ಚಿಂಚೋಳಿಗೆ ಕಳಿಸಿದರು. ಆದರೆ ಕೆಂಪು ಚುಕ್ಕೆಗಳಿದ್ದ ನನ್ನ ಕೈಬರಹದ ಪ್ರತಿಯನ್ನು ಕಾಕಾ ವಾಡಿಯ ಕಚೇರಿಯ ಗೋಡೆಗೆ ಅಂಟಿಸಿಬಿಟ್ಟಿದ್ದ. ಪ್ರತಿ ಚುಕ್ಕೆಯವರಿಗೂ ಫೋನ್ ಮಾಡಿ ಫ್ಯೂಸ್ ಕಿತ್ತಿದ್ದಾರೆಯೇ ಎಂದು ಕೇಳುವವರೆಗೆ ಅಲ್ಲಿ ಒಬ್ಬನೂ ಕಂಬ ಹತ್ತುತ್ತಿರಲಿಲ್ಲ. ಮೇಲಿನವರು ಎಷ್ಟು ಕೂಗಾಡಿದರೂ ಅಷ್ಟೇ.

ಶಿಕ್ಷೆ ಎಂದು ಕೊಟ್ಟ ಊರಿಗೆ ಬಂದಿಳಿದ ದಿನವೇ ನಾನು ಅಲ್ಲಿಯ ಲೈನ್‌ಮನ್‌ಗಳನ್ನೆಲ್ಲ ಕೂರಿಸಿಕೊಂಡು ಕೇಳಿದೆ: "ಇಲ್ಲಿ ಯಾರ್ಯಾರ ಬಲ್ಲಿ ಜನರೇಟರ್ ಅವ, ಹೇಳ್ರಿ."