ಮಣ್ಣೂ ನೀರೂ ಇಲ್ಲದ ನಮಾಝ್

ಕಣ್ಣಿಗೆ ಗರಿ ಬಡಿದದ್ದು ಶುಕ್ರವಾರ, ಅಥವಾ ಅದರ ಹಿಂದಿನ ದಿನವೇನೋ. ಅಂಗಳ ಗುಡಿಸುವ ಹಿಡಿಸೂಡಿಗೆ ಕಡ್ಡಿ ಬೇಕಿತ್ತು, ಹಿತ್ತಲಲ್ಲಿ ಕುಳಿತು ಒಣಗಿದ ತೆಂಗಿನ ಮಡಲು ಸೀಳುತ್ತಿದ್ದೆ, ಇಷ್ಟು ನಿಜ. ಎಡಗಣ್ಣಿಗೆ ಏನೋ ತಾಗಿತು. ಗರಿಯ ತುದಿ ಎಂದು ಡಾಕ್ಟರಿಗೆ ಹೇಳಿದ್ದೇನೆ. ಎಷ್ಟು ಸಲ ಹೇಳಿದ್ದೇನೆಂದರೆ ಈಗ ಆ ಗರಿ ನನಗೆ ಸ್ಪಷ್ಟವಾಗಿ ಕಾಣಿಸುತ್ತದೆ. ಆಗ ಕಂಡಿತ್ತೇ?

ನೋವು ಮಾತ್ರ ಖಚಿತ. ಮೊದಲು ಕಡಲ ದಡದ ಹೊಯಿಗೆ ಕಣ್ಣಿಗೆ ಹೊಕ್ಕ ಹಾಗೆ. ಆಮೇಲೆ ಬೆಳಕೇ ಚುಚ್ಚುವ ಹಾಗೆ. ಕನ್ನಡಿಯಲ್ಲಿ ನೋಡಿದರೆ ಕಪ್ಪು ಗುಡ್ಡೆಯ ಮೇಲೆ ಅನ್ನದ ಅಗುಳಿನಂಥ ಬಿಳಿ ಚುಕ್ಕೆ.

ಮಣಿಪಾಲದಲ್ಲಿ ಡಾಕ್ಟರು ಬಹಳ ಹೊತ್ತು ನೋಡಿದರು.

"ಫಂಗಲ್ ಅಲ್ಸರ್. ಎಲೆಯಲ್ಲಿ, ಮಣ್ಣಿನಲ್ಲಿ ಇರುವ ಫಂಗಸ್ ಇದು. ಅಡ್ಮಿಟ್ ಆಗಬೇಕು. ಕಾರ್ನಿಯಾ ತೆಳ್ಳಗಾಗಿದೆ, ಮುಖಕ್ಕೆ ನೀರು ತಾಗಿಸಬೇಡಿ. ಬಗ್ಗಬೇಡಿ. ಬಗ್ಗಿದರೆ ಒಡೆದೀತು."

"ನಮಾಝ್ ಮಾಡುವುದು?"

"ಎಂತ ಮಾಡುವುದಿದ್ದರೂ ತಲೆ ನೆಟ್ಟಗಿರಬೇಕು."

ಕಾಪುವಿನ ನಮ್ಮ ಮನೆಯಲ್ಲಿ ನಮಾಝಿಗೆ ನಿಂತರೆ ಮುಖ ಕಡಲಿಗೆ. ಮಕ್ಕಾದ ದಿಕ್ಕು, ಕಿಬ್ಲಾ, ಪಶ್ಚಿಮಕ್ಕೆ; ಕಡಲೂ ಪಶ್ಚಿಮಕ್ಕೆ. ಮದುವೆ ಮುರಿದು ಉಮ್ಮನ ಮನೆಗೆ ಮರಳಿದ ಮೇಲೆ ನನಗೆ ಜೊತೆಯೆಂದು ಇದ್ದದ್ದು ಮುಂಜಾನೆಯ ಒಂದು ಹೊತ್ತು: ಸುಬ್ಹಿ ನಮಾಝ್ ಮುಗಿಸಿ, ಬರಿಗಾಲಲ್ಲಿ ಅಂಗಳದಲ್ಲಿ ಕುಳಿತು ತಸ್ಬೀಹ್ ಹೇಳುವುದು. ಮರ, ಹಕ್ಕಿ, ಅಲೆ ಎಲ್ಲವೂ ಅಲ್ಲಾಹನನ್ನು ಸ್ತುತಿಸುತ್ತವೆ, ನಮಗೆ ಅವುಗಳ ಭಾಷೆ ತಿಳಿಯದು ಎಂದು ಮದ್ರಸದಲ್ಲಿ ಕಲಿತಿದ್ದೆ. ಅಲ್ಲಿ ಕುಳಿತರೆ ನಾನೂ ಆ ಸಾಲಿನಲ್ಲಿ ಒಬ್ಬಳು ಅನ್ನಿಸುತ್ತಿತ್ತು.

ವಾರ್ಡಿನಲ್ಲಿ ಕರ್ಟನ್ ಮುಚ್ಚಿತ್ತು. ಬೆಳಕು ತಡೆಯಲಾಗದೆ ಒಳ್ಳೆಯ ಕಣ್ಣನ್ನೂ ಮುಚ್ಚಿಕೊಂಡಿರುತ್ತಿದ್ದೆ. ಗಂಟೆಗೊಮ್ಮೆ ಡ್ರಾಪ್ಸ್. ಫ್ಯಾನಿನ ಸದ್ದು. ಟ್ರಾಲಿಯ ಸದ್ದು.

ಉಮ್ಮ ನಮ್ಮ ಮಸೀದಿಯ ಉಸ್ತಾದರನ್ನು ಕೇಳಿಕೊಂಡು ಬಂದರು. "ನೀರು ಆಗದಿದ್ದರೆ ಮಣ್ಣಿನಲ್ಲಿ ತಯಮ್ಮುಮ್ ಮಾಡಲಿ ಅಂದರು. ತಂದಿದ್ದೇನೆ. ನಮ್ಮ ಅಂಗಳದ್ದೇ." ಅಂಗೈಯಿಂದ ಮಣ್ಣು ಮುಟ್ಟಿ ಮುಖಕ್ಕೆ, ಕೈಗಳಿಗೆ ಸವರಿಕೊಂಡರೆ, ನಮಾಝಿಗೆ ಮೊದಲು ನೀರಿನಲ್ಲಿ ಕೈಕಾಲು ಮುಖ ತೊಳೆದು ವುಳೂ ಮಾಡಿದ ಹಾಗೆ. ಕರ್ಚೀಫಿನ ಗಂಟು ಬಿಚ್ಚುವಷ್ಟರಲ್ಲಿ ಸಿಸ್ಟರ್ ಬಂದರು.

"ಎಂತ ಅಮ್ಮ ಇದು? ಮಣ್ಣಿನಿಂದ ಬಂದ ಕಾಯಿಲೆಗೆ ಮಣ್ಣೇ ಮದ್ದಾ?"

ಗಂಟು ಹೋಯಿತು.

ನನ್ನನ್ನು ಶುದ್ಧ ಮಾಡಬೇಕಾದದ್ದೇ ನನ್ನ ಕಣ್ಣನ್ನು ತಿನ್ನುತ್ತಿತ್ತು.

ಪಕ್ಕದ ಮಂಚದಲ್ಲಿ ಅಜೆಕಾರಿನ ಗಿರಿಜಕ್ಕ. ಭತ್ತ ಬಡಿಯುವಾಗ ಹೊಟ್ಟು ಹಾರಿ ಅವರಿಗೂ ಇದೇ ಕಾಯಿಲೆ. ಸಿಸ್ಟರ್ ಅತ್ತ ಹೋದ ಮೇಲೆ ಪಿಸುಗುಟ್ಟಿದರು.

"ನಿಮ್ಮದು ಹೋಯ್ತಲ್ಲ! ನನ್ನದು ಉಂಟು ಮಾರಾಯ್ತಿ. ನಾಗಬನದ ಮಣ್ಣು. ಇವರು ತಂದು ತಲೆದಿಂಬಿನ ಅಡಿ ಇಟ್ಟು ಹೋಗಿದ್ದಾರೆ. ಬೇಕಾದರೆ ಸ್ವಲ್ಪ ತಗೊಳ್ಳಿ."

"ಬೇಡ ಗಿರಿಜಕ್ಕ. ಕಣ್ಣು ಹೋದೀತು."

"ಅದೂ ಹೌದು. ನಾನೇ ಮುಟ್ಟಲಿಲ್ಲ. ನಾಗನಿಗಾದರೆ ತಪ್ಪುಕಾಣಿಕೆ ಹಾಕಬಹುದು, ಈ ಸಿಸ್ಟರಿಗೆ ಎಂತ ಹಾಕುವುದು?"

ನಗು ಬಂತು. ನಕ್ಕರೆ ಕಣ್ಣು ನೋಯುತ್ತಿತ್ತು. ಬೇಡ ಎಂದ ಮೇಲೆ ನಾನು ಕೈ ಚಾಚಿದೆನೇ? ಚಾಚಬೇಕು ಅನ್ನಿಸಿದ್ದು ನೆನಪಿದೆ. ಅನ್ನಿಸಿದ್ದಕ್ಕೂ ಮಾಡಿದ್ದಕ್ಕೂ ನನ್ನ ನೆನಪಿನಲ್ಲಿ ಒಂದೇ ಬಣ್ಣ.

ಉಮ್ಮ ಕೆಳಗಿನ ಎಸ್‌ಟಿಡಿ ಬೂತಿನಿಂದ ಮತ್ತೆ ಉಸ್ತಾದರಿಗೆ ಫೋನ್ ಮಾಡಿ ಬಂದರು. "ಎರಡೂ ಆಗದಿದ್ದರೆ ಇದ್ದ ಹಾಗೆಯೇ ಮಾಡಲಿ, ನಮಾಝಿನ ಹೊತ್ತಿಗೆ ಗೌರವ ಕೊಡಬೇಕು ಅಂದರು. ಗುಣವಾದ ಮೇಲೆ ಅದನ್ನೆಲ್ಲ ಪುನಃ ಮಾಡಬೇಕಂತೆ."

"ಪುನಃ ಮಾಡುವುದಾದರೆ ಈಗಿನದ್ದು ಎಂತದ್ದು ಉಮ್ಮಾ?"

"ಅದನ್ನು ನಾನು ಕೇಳಲಿಲ್ಲ. ಫೋನಿನ ಮೀಟರ್ ಓಡ್ತಿತ್ತು. ಹುಷಾರಾಗಿ ಬಂದು ನೀನೇ ಕೇಳು."

ಅಸರ್ ನಮಾಝಿನ ಹೊತ್ತಿಗೆ ಪಶ್ಚಿಮ ಯಾವುದೆಂದು ಗಿರಿಜಕ್ಕನನ್ನು ಕೇಳಿದೆ. "ನಿಮ್ಮ ಕಾಲಿನ ಕಡೆಯ ಕಿಟಕಿ. ಸಂಜೆ ಬಿಸಿಲು ಬೀಳ್ತದೆ, ಗೊತ್ತಾಗುವುದಿಲ್ವಾ?" ಗೊತ್ತಾಯಿತು. ಕರ್ಟನ್ ದಾಟಿ ಬಂದ ಬಿಸಿ ಪಾದದ ಮೇಲಿತ್ತು. ಎದ್ದು ಕುಳಿತು ಅತ್ತ ಮುಖ ಮಾಡಿದೆ.

ಅಲೆಯಿಲ್ಲ, ಹಕ್ಕಿಯಿಲ್ಲ, ಹಣೆ ಊರಲು ನೆಲವಿಲ್ಲ. ಬಗ್ಗುವ ರುಕೂಅ್, ನೆಲಕ್ಕೆ ಹಣೆಯಿಡುವ ಸುಜೂದ್ ಎರಡೂ ಮನಸ್ಸಿನಲ್ಲೇ. ಸಾಲಿನಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ. ಅಷ್ಟು ಒಂಟಿಯಾಗಿ ನಾನು ಎಂದೂ ಅವನ ಮುಂದೆ ನಿಂತಿರಲಿಲ್ಲ. ನಿಂತೂ ಇರಲಿಲ್ಲ, ಮಂಚದ ಮೇಲೆ ಕುಳಿತಿದ್ದೆ. ಅಳು ಬರಲಿಲ್ಲ. ಕಣ್ಣೀರು ಬಂದಿದ್ದರೆ ಅದು ಡ್ರಾಪ್ಸಿನದ್ದಿರಬೇಕು.

ಕಣ್ಣು ಉಳಿಯಿತು. ಅಲ್‌ಹಮ್ದುಲಿಲ್ಲಾಹ್. ನಡುವೆ ಬಿಳಿ ಕಲೆ ಉಂಟು. ಆ ಕಣ್ಣಿನಲ್ಲಿ ಎಲ್ಲವೂ ಗಂಜಿಯ ಹಬೆಯ ಆಚೆಗಿದ್ದ ಹಾಗೆ ಕಾಣುತ್ತದೆ. ಬಗ್ಗಬಹುದು ಎಂದು ಡಾಕ್ಟರು ಹೇಳಿ ಕೆಲವು ವಾರಗಳಾದವು.

ಈಗ ಪ್ರತಿ ನಮಾಝಿನ ಜೊತೆ ಆಸ್ಪತ್ರೆಯ ಒಂದೊಂದು ನಮಾಝನ್ನು ಪುನಃ ಮಾಡುತ್ತಿದ್ದೇನೆ. ನೀರಿನಿಂದ ವುಳೂ, ಕಿಟಕಿಯ ಆಚೆ ಕಡಲು. ಎಲ್ಲವೂ ಸರಿಯಾಗಿದೆ. ಆದರೂ ಸುಜೂದಿನಲ್ಲಿರುವಾಗ ಒಮ್ಮೊಮ್ಮೆ ಅನ್ನಿಸುತ್ತದೆ: ಇಲ್ಲಿ ಇಷ್ಟೆಲ್ಲ ಇವೆ, ಅವನು ಎಲ್ಲಿದ್ದಾನೆ? ಆಸ್ಪತ್ರೆಯಲ್ಲಿ ಹಾಗೆ ಕೇಳಿದ ನೆನಪಿಲ್ಲ. ಕೇಳಿ ಮರೆತಿರಲೂಬಹುದು.

ಉಸ್ತಾದರ ಮನೆಯ ಮುಂದೆ ಎರಡು ಸಲ ಹಾದು ಬಂದೆ. ಆಸ್ಪತ್ರೆಯ ನಮಾಝ್ ಎಂತದ್ದೆಂದು ಕೇಳಲಿಲ್ಲ. ಮಣಿಪಾಲದಲ್ಲಿ ಮಾಡಿದ್ದು ಅವನಿಗೆ ಮುಟ್ಟಿತೋ, ಈಗ ಮಾಡುತ್ತಿರುವುದು ಮುಟ್ಟುತ್ತಿದೆಯೋ, ನನಗೆ ಗೊತ್ತಿಲ್ಲ.