ದೊಡ್ಡವ್ವ ಹೇಳದೆ ಬಿಟ್ಟ ಸಾಲು

ಚಳಿ ಶುರುವಾದರೆ ಕನಕಪುರದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಮುಸುಕಿನ ಜೋಳದ ಗಾಡಿ ಬಂದು ನಿಲ್ಲುತ್ತದೆ. ಮೊನ್ನೆ ಸಂಜೆ ಮೊಮ್ಮಗಳ ಹಟಕ್ಕೆ ಅಲ್ಲಿ ನಿಂತಿದ್ದೆ. ಗಾಡಿಯವನು ಇದ್ದಿಲಿಗೆ ಬೀಸಣಿಗೆ ಆಡಿಸಿದ. ಇದ್ದಿಲು ಕೆಂಡವಾಗುವಾಗ ಒಂದು ಒಣ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿಯಿತು. ಸುತ್ತ ನಿಂತವರಿಗೆಲ್ಲ ಬಾಯಲ್ಲಿ ನೀರೂರಿಸುವ ವಾಸನೆ. ನಾನು ಮಾತ್ರ ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಇಷ್ಟು ವರ್ಷ ಕಳೆದರೂ ಆ ವಾಸನೆ ಬಂದರೆ ನನಗೆ ದೊಡ್ಡವ್ವನೇ ಕಣ್ಣ ಮುಂದೆ ಬರುವುದು.

ದೊಡ್ಡವ್ವ ನನಗೆ ಸಂಬಂಧದವಳಲ್ಲ. ಕಬ್ಬಾಳು ಬೆಟ್ಟ ದೂರಕ್ಕೆ ಕಾಣುವ ಒಂದು ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ ಎದುರು ಮನೆಯಲ್ಲಿದ್ದಳು, ಅಷ್ಟೇ. ಆ ಊರಿನ ಒಂದು ಬೀದಿ ಪೂರ್ತಿ ನಾವು ಕ್ರೈಸ್ತರು, ಬೀದಿಯ ಕೊನೆಗೆ ಹೆಂಚಿನ ಸಣ್ಣ ಚರ್ಚು. ಅವಳ ಗಂಡ ಬೇಗ ತೀರಿಹೋಗಿದ್ದ. ಇದ್ದೊಬ್ಬ ಮಗಳು ಕಣ್ಣೆದುರಿಗೇ ಇರಲಿ ಎಂದು ಅದೇ ಬೀದಿಯ ಉಪದೇಶಿಯ ಮಗನಿಗೆ ಕೊಟ್ಟಿದ್ದಳು. ಅಲ್ಲಿ ಒಗ್ಗರಣೆ ಸೀದರೆ ನನಗಿಲ್ಲಿ ಕೆಮ್ಮು ಬರುತ್ತದೆ, ಅಷ್ಟು ಹತ್ತಿರ, ಎಂದು ಹೇಳಿಕೊಂಡು ನಗುತ್ತಿದ್ದಳು. ದೊಡ್ಡ ನಗು ಅವಳದು. ಅಡುಗೆ ಮನೆಯಲ್ಲಿ ನಕ್ಕರೆ ನಮ್ಮ ಜಗಲಿಗೆ ಕೇಳುತ್ತಿತ್ತು.

ಉಪದೇಶಿ ಎಂದರೆ ನಮ್ಮ ಕಡೆ ಚರ್ಚಿನ ಹಿರಿಯ. ಪೂಜೆಗೆ ಸ್ವಾಮಿಗಳು, ಅಂದರೆ ಪಾದ್ರಿಗಳು, ಪಟ್ಟಣದಿಂದ ಬರುವುದು ಯಾವಾಗಲೋ ಒಂದು ಭಾನುವಾರ. ಮಿಕ್ಕ ದಿನ ಗಂಟೆ ಹೊಡೆಯುವುದು, ಪ್ರಾರ್ಥನೆ ಹೇಳಿಸುವುದು, ಮಕ್ಕಳಿಗೆ ಜಪ ಕಲಿಸುವುದು ಎಲ್ಲ ಅವರೇ. ಗಂಟೆಯ ಹೊತ್ತಾದರೆ ತಟ್ಟೆಯಲ್ಲಿ ಕಲಸಿದ ಮುದ್ದೆ ಹಾಗೇ ಬಿಟ್ಟು ಏಳುವ ಮನುಷ್ಯ. "ದೇವ್ರು ಮೊದ್ಲು, ಮಿಕ್ಕಿದ್ದೆಲ್ಲಾ ಆಮೇಲೆ" ಎನ್ನುವುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿತ್ತು. ಹುಡುಗರು ಊಟದ ಪಂಕ್ತಿಯಲ್ಲಿ ಒಬ್ಬರನ್ನೊಬ್ಬರು ತಳ್ಳುವಾಗಲೂ ಅದನ್ನೇ ಹೇಳಿ ನಗುತ್ತಿದ್ದರು.

ಬೀದಿಯಲ್ಲಿ ಎಲ್ಲರ ಮನೆಯಲ್ಲೂ ರೇಷ್ಮೆ ಹುಳ. ಮರಿ ಹುಳಕ್ಕೆ ಚಳಿ ತಾಗಿದರೆ ಬೆಳೆ ಕೆಟ್ಟಿತು. ಹಾಗಾಗಿ ಚಳಿಗಾಲದಲ್ಲಿ ಹುಳದ ಮನೆಯೊಳಗೆ ಬಾಂಡ್ಲಿ ತುಂಬ ಕೆಂಡ ಇಟ್ಟು, ಬಾಗಿಲು ಕಿಟಕಿ ಹಾಕಿಬಿಡುವುದು ಅಜ್ಜನ ಕಾಲದಿಂದ ಬಂದ ರೂಢಿ. ಹೆಂಚಿನ ಮನೆಗಳಲ್ಲಿ ಅದರಿಂದ ಯಾರಿಗೂ ಏನೂ ಆದದ್ದಿಲ್ಲ, ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಉಪದೇಶಿಯ ಮನೆಯವರು ಆ ವರ್ಷ ಹುಳಕ್ಕೆಂದೇ ಹೊಸದಾಗಿ ಆರ್‌ಸಿಸಿ ರೂಮು ಕಟ್ಟಿಸಿದ್ದರು. ಬೀದಿಗೇ ಮೊದಲನೆಯದು. ಅವರ ಮನೆಗೆ ಹೋಗಿ ಸೂರು ನೋಡಿ ಹೊಟ್ಟೆ ಉರಿಸಿಕೊಂಡು ಬಂದವರಲ್ಲಿ ನಾನೂ ಒಬ್ಬಳು.

ಅದು ಕ್ರಿಸ್ಮಸ್‌ಗೆ ಮುಂಚಿನ ವಾರ. ದಿನಾ ಸಂಜೆ ಚರ್ಚಿನಲ್ಲಿ ಪ್ರಾರ್ಥನೆ ಇತ್ತು. ಉಪದೇಶಿಯ ಮಗ ಹಾರೋಹಳ್ಳಿಯ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗಿದ್ದ. ದೊಡ್ಡವ್ವನ ಮಗಳು ಆ ಹೊಸ ರೂಮಿನಲ್ಲೇ ಚಾಪೆ ಹಾಸಿ, ಕೂಸನ್ನು ಮಲಗಿಸಿಕೊಂಡು ಹುಳಕ್ಕೆ ಸೊಪ್ಪು ಹೆಚ್ಚಿ ಹಾಕುತ್ತಿದ್ದಳು. ಇನ್ನೂ ಹಲ್ಲು ಮೂಡದ ಹೆಣ್ಣು ಕೂಸು. ಪ್ರಾರ್ಥನೆ ಮುಗಿದು ನಾವು ಹೆಂಗಸರೆಲ್ಲ ಹಾಡು ಗುನುಗಿಕೊಂಡು ಬಂದೆವು. ದೊಡ್ಡವ್ವನ ಸೆರಗಿನಲ್ಲಿ ಮಗಳಿಗೆಂದು ಕಟ್ಟಿಕೊಂಡ ರವೆ ಉಂಡೆ ಇತ್ತು. ನನ್ನನ್ನೂ ಬಾ ಎಂದಳು, ಹೋದೆ. ಅವಳೇ ಬಾಗಿಲು ತಳ್ಳಿದಳು.

ತಾಯಿ ಮಗು ಮಲಗಿದ ಹಾಗೇ ಇದ್ದರು. ಎಬ್ಬಿಸಲು ಹೋದ ದೊಡ್ಡವ್ವ ಕೂಸಿನ ಕಾಲು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು... ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ, ನೆನಪಿಸಿಕೊಳ್ಳುವ ಆಸೆಯೂ ಇಲ್ಲ. ಒಂದು ಮಾತ್ರ ಮರೆಯಲಾರೆ. ಸುತ್ತ ಜೋಡಿಸಿಟ್ಟ ತಟ್ಟೆಗಳಲ್ಲಿ ಹುಳಗಳಿಗೆ ಏನೂ ಆಗಿರಲಿಲ್ಲ. ಅವು ತಮ್ಮ ಪಾಡಿಗೆ ಸೊಪ್ಪು ತಿನ್ನುತ್ತಿದ್ದವು.

ಮುಚ್ಚಿದ ರೂಮಿನಲ್ಲಿ ಕೆಂಡ ಇಟ್ಟರೆ ಗಾಳಿ ವಿಷವಾಗುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ ಎಂದು ಡಾಕ್ಟರು ಹೇಳಿದರು. ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಊರೂ ಹಾಗೇ ಅಂದುಕೊಂಡಿತು. ಕೆಂಡ ಇಟ್ಟವರು ಉಪದೇಶಿ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಯಾರ ಮನೆಯಲ್ಲಿ ಬೇಕಾದರೂ ಆಗಬಹುದಾಗಿತ್ತಲ್ಲ.

ಮಣ್ಣು ಮಾಡುವ ದಿನ ಉಪದೇಶಿ ಅಳಲಿಲ್ಲ. ಗುಂಡಿಯ ಪಕ್ಕ ನಿಂತು, ಕೈಯಲ್ಲಿ ಜಪಸರ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಾನು ದೇವ್ರ ಸೇವೇಲಿದ್ದೆ. ಆ ಒತ್ನಲ್ಲೇ ದೇವ್ರು ಇವ್ರ ಕರ್ಕಂಡ. ಎಲ್ಲಾ ಅವ್ನ ಚಿತ್ತ." ಜನ ತಲೆಯಾಡಿಸಿದರು. ಎಂಥ ವಿಶ್ವಾಸ ಎಂದು ನನ್ನ ಅತ್ತೆ ಪಿಸುಗುಟ್ಟಿದರು. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ದೊಡ್ಡವ್ವ ಆ ಮಾತಿಗೆ ತಲೆ ಎತ್ತಿ ಅವರನ್ನು ನೋಡಿದಳು. ಆ ನೋಟ ಕಂಡು ನಾನು ಕಣ್ಣು ತಿರುಗಿಸಿಕೊಂಡೆ.

ಅವತ್ತು ಮಣ್ಣು ಹಾಕಿ ಬಂದವಳು ನೇರ ಆ ರೂಮಿಗೆ ಹೋಗಿ ಕಿಟಕಿ ತೆಗೆದು ಹುಳಕ್ಕೆ ಸೊಪ್ಪು ಹಾಕಿದಳು. ಬಾಯಿಲ್ಲದ ಜೀವ, ಅವೇನು ಪಾಪ ಮಾಡಿದ್ದವು ಎಂದಳು. ಹುಳ ಹಣ್ಣಾಗಿ ಗೂಡು ಕಟ್ಟುವವರೆಗೂ ದಿನಾ ಹೋದಳು. ಗೂಡು ಯಾವಾಗಿನಂತೆ ರಾಮನಗರದ ಮಾರ್ಕೆಟ್ಟಿಗೆ ಹೋಯಿತು. ಒಳ್ಳೆಯ ಬೆಳೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಒಳ್ಳೆಯ ಬೆಳೆಯೇ ಆಗಿತ್ತು.

ಆಮೇಲೆ ದೊಡ್ಡವ್ವನ ನಗು ನಮ್ಮ ಜಗಲಿಗೆ ಕೇಳಲಿಲ್ಲ. ಚರ್ಚನ್ನು ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಯೇಸುಸ್ವಾಮಿ ಕಲಿಸಿದ ಪರಲೋಕ ಮಂತ್ರವನ್ನು ಉಪದೇಶಿ ಶುರು ಮಾಡುವರು, ನಾವೆಲ್ಲ ದನಿ ಸೇರಿಸುವೆವು. ಅದರಲ್ಲೊಂದು ಸಾಲು ಬರುತ್ತದೆ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪನ್ನೂ ಕ್ಷಮಿಸು ಎಂದು ಕೇಳಿಕೊಳ್ಳುವ ಸಾಲು. ಅಲ್ಲಿಗೆ ಬಂದರೆ ದೊಡ್ಡವ್ವನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆ ಸಾಲು ದಾಟಿದ ಮೇಲೆ ಮತ್ತೆ ದನಿ ಸೇರುತ್ತಿತ್ತು. ದೊಡ್ಡ ದನಿಯ ಹೆಂಗಸು, ಅದು ನಿಂತರೆ ಎಲ್ಲರಿಗೂ ತಿಳಿಯುತ್ತಿತ್ತು. ಉಪದೇಶಿ ಮೊದಮೊದಲು ಆ ಜಾಗದಲ್ಲಿ ತಮ್ಮ ದನಿಯನ್ನು ಒಂದಿಷ್ಟು ಏರಿಸಿ ಮುಚ್ಚಲು ನೋಡಿದರು. ಬರಬರುತ್ತಾ ಅವರಿಗೂ ಅಲ್ಲಿಗೆ ಬಂದರೆ ನಾಲಿಗೆ ತೊಡರತೊಡಗಿತು.

ಯೇಸುಸ್ವಾಮಿಯ ಶರೀರವೆಂದು ಪೂಜೆಯಲ್ಲಿ ನಾಲಿಗೆಯ ಮೇಲೆ ಇಡುವ ಪ್ರಸಾದ ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದಳು. ಸ್ವಾಮಿಗಳು ಬಂದಾಗ ಕರೆದು ಕೇಳಿದರಂತೆ. ಎದೆಯಲ್ಲಿಲ್ಲದ ಮಾತನ್ನು ದೇವರ ಮುಂದೆ ಹೇಳಿ, ಅದೇ ನಾಲಿಗೆಯ ಮೇಲೆ ಅವನನ್ನು ಇಟ್ಟುಕೊಳ್ಳಲು ನನಗೆ ಭಯವಾಗುತ್ತದೆ ಎಂದಳಂತೆ. ಬೀದಿಯ ಹೆಂಗಸರು ಬಿಟ್ಟಾರೆಯೇ. ಊರಿನ ಬಾಯಿಗೆ ಹೊಲಿಗೆ ಹಾಕುವವರು ಯಾರು. ಹಟಮಾರಿ ಎಂದರು, ಎದೆ ಕಲ್ಲಾಗಿದೆ ಎಂದರು. ಶಿಲುಬೆಗೆ ಮೊಳೆ ಹೊಡೆದವರನ್ನೇ ಯೇಸುಸ್ವಾಮಿ ಕ್ಷಮಿಸಲಿಲ್ಲವೇ, ನಿನ್ನದೇನು ಹೆಚ್ಚು ಎಂದು ಒಬ್ಬಳು ಬಾವಿ ಕಟ್ಟೆಯ ಹತ್ತಿರ ಕೇಳಿಯೇಬಿಟ್ಟಳು.

ದೊಡ್ಡವ್ವ ಕೊಡವನ್ನು ಕೆಳಗಿಟ್ಟಳು. "ಮೊಳೆ ಒಡ್ದೋರ ಕೈಲಿ ಸುತ್ಗೆ ಇತ್ತು, ಎಲ್ರೂ ನೋಡುದ್ರು. ಇವ್ನು ಸುತ್ಗೆಯ ದೇವ್ರ ಕೈಗೆ ಕೊಟ್ಬುಟ್ಟವ್ನೆ ಕಣವ್ವ. ನಾನು ಯಾರ್ನ ಕ್ಷಮಿಸ್ಲಿ?"

ಮನೆಗೆ ಬರುವಾಗ ದಾರಿಯಲ್ಲಿ ನನಗೊಬ್ಬಳಿಗೇ ಬಿಡಿಸಿ ಹೇಳಿದಳು. ಆ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ನನ್ನ ಮುಖ ನೋಡಿಕೊಂಡು ಕೆಂಡ ಇಟ್ಟಿದ್ದು ನಾನು ಎಂದರೆ ಸಾಕು. ಅವತ್ತೇ ಆ ಸಾಲು ಹೇಳುತ್ತೇನೆ. ಸ್ವಾಮಿಗಳ ಹತ್ತಿರ ಪಾಪನಿವೇದನೆ ಮಾಡಿರಬಹುದು, ಮಾಡಿರುತ್ತಾನೆ. "ಸ್ವಾಮಿ ಕಿವಿಗೆ ಏಳವ್ನೆ. ಎತ್ತೋಳ ಕಿವಿಗೆ ಏಳಿಲ್ಲ."

ಉಪದೇಶಿಯ ಭಕ್ತಿ ಮಾತ್ರ ವರ್ಷದಿಂದ ವರ್ಷಕ್ಕೆ ಏರಿತು. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬಂದರೆ ಬರಿಗಾಲು, ಒಪ್ಪೊತ್ತು ಊಟ. ಶುಭ ಶುಕ್ರವಾರ ಮರದ ಶಿಲುಬೆ ಹೊತ್ತು ಗುಡ್ಡ ಹತ್ತುವವರಲ್ಲಿ ಮುಂದೆ ಅವರೇ. ಹೆಗಲು ಕಿತ್ತು ರಕ್ತ ಬರುತ್ತಿತ್ತು. ಊರು ಅವರನ್ನು ಸಂತ ಎನ್ನಲು ಶುರು ಮಾಡಿತ್ತು. ಗುಡ್ಡದವರೆಗೆ ಆ ಭಾರ ಹೊತ್ತವರು ದೊಡ್ಡವ್ವನ ಬಾಗಿಲಿನ ಮುಂದೆ ಬಂದರೆ ಮಾತ್ರ ಬೀದಿಯ ಆಚೆ ಬದಿಗೆ ಸರಿದು ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಂದು ಜಗಲಿ ಹತ್ತಲಾರದವರಿಗೆ ಗುಡ್ಡ ಯಾಕೆ ಎಂದು ನನ್ನ ಗಂಡನ ಹತ್ತಿರ ಹೇಳಿ ಬೈಸಿಕೊಂಡಿದ್ದೇನೆ.

ಕೊನೆಗೆ ಬಂದರು. ಅದೂ ಡಿಸೆಂಬರೇ, ಅವರೆಕಾಯಿ ಕಾಲ. ದೊಡ್ಡವ್ವನ ಜಗಲಿಯಲ್ಲಿ ನಾವಿಬ್ಬರೂ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಉಪದೇಶಿಗೆ ಅಷ್ಟರಲ್ಲಿ ಎದೆಯ ಕಾಯಿಲೆ ಶುರುವಾಗಿ ಮೈ ಇಳಿದುಹೋಗಿತ್ತು. ಕೋಲು ಊರಿಕೊಂಡು ಬಂದು ಅಂಗಳದಲ್ಲೇ ನಿಂತರು. ದೊಡ್ಡವ್ವ ಕೂತುಕೋ ಅನ್ನಲಿಲ್ಲ. ನಾನು ಏಳಲು ಹೋದೆ, ಮೊಣಕಾಲು ಒತ್ತಿ ಕೂರಿಸಿದಳು.

"ಅಕ್ಕಾ, ಕೆಂಡ ಇಕ್ಕಿದ್ದು ನಾನು" ಎಂದರು. ಅಲ್ಲಿಗೆ ನಿಂತಿದ್ದರೆ ಸಾಕಾಗಿತ್ತೋ ಏನೋ. ನಿಲ್ಲಲಿಲ್ಲ. ಅವತ್ತು ತಾವು ಚರ್ಚಿಗೆ ಹೊರಡುವಾಗ ಸೊಸೆ ತಲೆ ನೋಯುತ್ತಿದೆ ಎಂದು ಕಿಟಕಿ ತೆಗೆದಿದ್ದಳಂತೆ. ಗಂಟೆಗೆ ಹೊತ್ತಾಯಿತು ಎಂಬ ಅವಸರ. ಹುಳಕ್ಕೆ ಚಳಿ ತಾಗುತ್ತದೆ ಎಂದು ಗದರಿಸಿ, ತಮ್ಮ ಕೈಯಾರೆ ಕಿಟಕಿ ಹಾಕಿ, ಹೊರಗಿನಿಂದ ಪ್ಲಾಸ್ಟಿಕ್ ಹೊದಿಸಿ ಕಟ್ಟಿ ಹೋಗಿದ್ದರಂತೆ. ಇಷ್ಟು ವರ್ಷ ಮುಚ್ಚಿಟ್ಟಿದ್ದು ಇದನ್ನು.

ದೊಡ್ಡವ್ವನ ಕೈ ನಿಂತಿತು. ಆಮೇಲೆ ಕೇಳಿದಳು, "ಕೂಸು ಅಳ್ತಿತ್ತಾ?"

"ಇಲ್ಲ. ಮಲ್ಗಿತ್ತು."

"ಅವ್ಳೇನಂದ್ಲು?"

"ಆಯ್ತು ಮಾವ, ಅಂದ್ಲು."

ಉಪದೇಶಿ ಅಳುತ್ತಿದ್ದರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ದೇವರ ಹೆಸರು ಎತ್ತಲಿಲ್ಲ, ಚಿತ್ತ ಎನ್ನಲಿಲ್ಲ. ಕ್ಷಮಿಸು ಎಂದು ಬಾಯಿ ಬಿಟ್ಟು ಕೇಳುವ ಧೈರ್ಯವೂ ಇರಲಿಲ್ಲ ಅಂತ ಕಾಣುತ್ತದೆ, ಸುಮ್ಮನೆ ಕಾಯುತ್ತಾ ನಿಂತರು. ದೊಡ್ಡವ್ವ ಮತ್ತೆ ಅವರೆಕಾಳು ಕೈಗೆತ್ತಿಕೊಂಡಳು. "ಒತ್ತಾಯ್ತು, ಓಗಣ್ಣ" ಎಂದಳು. ಅವರು ಹೋದರು.

ಮುಂದಿನ ಭಾನುವಾರ ನಾನು ಉಸಿರು ಹಿಡಿದುಕೊಂಡು ಕೂತಿದ್ದೆ. ಆ ಸಾಲು ಬಂತು. ದೊಡ್ಡವ್ವ ಬಾಯಿ ತೆರೆದಳು, ಒಂದೆರಡು ಮಾತು ಬಂದವು, ಅರ್ಧಕ್ಕೇ ದನಿ ನಿಂತಿತು. ಅದರ ಮುಂದಿನ ವಾರವೂ ಅಷ್ಟೇ. ಸಾಲು ಅರ್ಧ ದಾಟುವಳು, ನಿಲ್ಲುವಳು. ಕೇಳಿದ್ದಕ್ಕೆ, ಕೆಂಡದ ಮಾತಾಗಿದ್ದರೆ ಆಗುತ್ತಿತ್ತು, ಕಿಟಕಿಯದು ಗಂಟಲಲ್ಲಿ ಇಳಿಯುತ್ತಿಲ್ಲ ಎಂದಳು. ಮನೆಯಲ್ಲಿ ಒಬ್ಬಳೇ ಇದ್ದಾಗ ಹೇಳಿ ಹೇಳಿ ನೋಡುತ್ತೇನೆ, ಒಸಿ ತಾಳು ಎಂದಳು. ಉಪದೇಶಿಗೆ ತಾಳುವಷ್ಟು ಆಯಸ್ಸು ಇರಲಿಲ್ಲ. ಹಾಸಿಗೆ ಹಿಡಿದವರು ದಿನಾ ಬಾಗಿಲ ಕಡೆಗೇ ನೋಡುತ್ತಿದ್ದರಂತೆ. ತಪಸ್ಸು ಕಾಲ ಮುಗಿಯುವ ಮೊದಲೇ ತೀರಿಕೊಂಡರು.

ಮಣ್ಣಿಗೆ ದೊಡ್ಡವ್ವ ಬಂದಳು. ಮಗಳು ಮೊಮ್ಮಗಳ ಸಮಾಧಿಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ಸ್ವಾಮಿಗಳು ಪರಲೋಕ ಮಂತ್ರ ಶುರು ಮಾಡಿದರು. ಆ ಸಾಲು ಬಂದಾಗ ದೊಡ್ಡವ್ವ ಮೊದಲಿನ ದೊಡ್ಡ ದನಿಯಲ್ಲಿ, ಒಂದು ಮಾತೂ ಬಿಡದೆ ಪೂರ್ತಿ ಹೇಳಿದಳು. ಸುತ್ತ ನಿಂತವರು ತಿರುಗಿ ನೋಡಿದರು. ನನ್ನ ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ದೊಡ್ಡವ್ವ ಒಂದು ಹಿಡಿ ಮಣ್ಣು ಹಾಕಿ ಹೊರಟಳು.

ನಾನು ಹಿಂದೆಯೇ ಹೋದೆ. ಇವತ್ತು ಹೇಳಿಬಿಟ್ಟೆಯಲ್ಲ ದೊಡ್ಡವ್ವ, ದೇವರಿಗೆ ಕೇಳಿಸಿತು ಎಂದೆ, ಸಮಾಧಾನಕ್ಕೆ.

"ದೇವ್ರಿಗೆ ಮೊದ್ಲೇ ಗೊತ್ತಿತ್ತು ಕಣವ್ವ. ಕೇಳ್ಬೇಕಾಗಿದ್ದು ಅವ್ನಿಗೆ" ಎಂದಳು. ಸ್ವಲ್ಪ ದೂರ ನಡೆದು ಮತ್ತೆ, "ನಾನೂ ಅವ್ನಂಗೇ ಮಾಡ್ಬುಟ್ಟೆ" ಎಂದಳು.

ಆಮೇಲೆ ಪ್ರಸಾದ ತೆಗೆದುಕೊಂಡಳು, ಆ ಸಾಲನ್ನೂ ಎಲ್ಲರ ಜೊತೆ ಹೇಳಿದಳು. ನಗು ಮಾತ್ರ ವಾಪಸು ಬರಲಿಲ್ಲ. ಎಷ್ಟೇ ಚಳಿಯಿದ್ದರೂ ಕಿಟಕಿ ಹಾಕಲು ಬಿಡುತ್ತಿರಲಿಲ್ಲ. ಹಾಸಿಗೆ ಹಿಡಿದ ಮೇಲೂ ಅಷ್ಟೇ, ಕಂಬಳಿ ಹೊದ್ದು ನಡುಗುತ್ತಾ ಮಲಗಿರುತ್ತಿದ್ದಳು, ಕಿಟಕಿ ತೆರೆದೇ ಇರಬೇಕು. ಹಾಗೇ ಒಂದು ಬೆಳಿಗ್ಗೆ... ನಾನು ಕಾಫಿ ತೆಗೆದುಕೊಂಡು ಹೋದಾಗ ತೆರೆದ ಕಿಟಕಿಯ ಕೆಳಗೆ ತಣ್ಣಗಾಗಿದ್ದಳು. ಅವಳು ಹೋಗಿ ಎಷ್ಟೋ ಕಾಲವಾಯಿತು. ನಾವೂ ಆ ಬೀದಿ ಬಿಟ್ಟು ಕನಕಪುರಕ್ಕೆ ಬಂದೆವು. ಈಗ ಇಲ್ಲಿನ ದೊಡ್ಡ ಚರ್ಚಿನಲ್ಲಿ ಮೈಕಿನ ಜೊತೆ ಎಲ್ಲರೂ ಆ ಸಾಲನ್ನು ಸರಸರ ಹೇಳಿ ದಾಟುತ್ತಾರೆ. ನನಗೆ ಮಾತ್ರ ಪಕ್ಕದ ಜಾಗ ಖಾಲಿ ಅನ್ನಿಸುತ್ತದೆ.

ಮೊಮ್ಮಗಳು ತೆನೆ ಕಚ್ಚುತ್ತಾ ನನ್ನ ಸೆರಗು ಎಳೆದಳು. ಯಾಕಜ್ಜಿ ಕಣ್ಣಲ್ಲಿ ನೀರು ಎಂದಳು. ಹೊಗೆ ಮಗ, ಎಂದೆ. ಮಗು ಗಾಡಿಯ ಕಡೆ ನೋಡಿತು. ಕೆಂಡ ನಿಗಿನಿಗಿ ಉರಿಯುತ್ತಿತ್ತು.

"ಒಗೆ ಎಲ್ಲೈತಜ್ಜಿ?" ಎಂದಿತು.