ಸ್ಟಾಫಿನ ಮಕ್ಕಳೂ ಹಾಸ್ಟೆಲ್ಲಿನಲ್ಲೇ

ರಜೆಗೆ ಬೆಂಗಳೂರಿಗೆ ಬಂದಾಗಲೆಲ್ಲ ನಮ್ಮ ಚರ್ಚಿನ ಸಭೆಯಲ್ಲಿ ಒಂದು ಭಾನುವಾರ ನಮಗೆ ಮೀಸಲು. ಆರಾಧನೆ ಮುಗಿಯುವ ಮುಂಚೆ ನಾನು, ಗಂಡ, ಮಗಳು ಮುಂದೆ ಹೋಗಿ ನಿಂತು, ತಾಂಜಾನಿಯಾದ ಮಿಷನ್ ಶಾಲೆಯಲ್ಲಿ ನಮ್ಮ ಸೇವೆ ಹೇಗೆ ನಡೆದಿದೆ ಎಂದು ಸಾಕ್ಷಿ ಹೇಳಬೇಕು. ಸಾಕ್ಷಿಗೆ ಒಂದು ಆಕಾರವಿದೆ. ಮೊದಲು ಕಷ್ಟ, ನಡುವೆ ಪ್ರಾರ್ಥನೆ, ಕೊನೆಗೆ ದೇವರ ದಯೆ. ನೀರಿಲ್ಲದ ತಿಂಗಳ ಬಗ್ಗೆ ಹೇಳಿದರೆ ಮಳೆ ಬಂದ ದಿನವನ್ನೂ ಹೇಳಲೇಬೇಕು. ನನ್ನ ನೆನಪು ಈ ಆಕಾರಕ್ಕೆ ಒಗ್ಗುವುದಿಲ್ಲ. ನನ್ನ ನೆನಪಿನಲ್ಲಿ ಮಳೆ ಬಂದ ದಿನವೇ ನನಗೆ ಮಲೇರಿಯಾ ಹಿಡಿದಿತ್ತು. ಅಥವಾ ಅದು ಬೇರೆ ವರ್ಷವೋ ಏನೋ. ಗಂಡನಿಗೆ ಈ ತಾಪತ್ರಯವಿಲ್ಲ. ಅವರು ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ಜೋಡಿಸಿಕೊಂಡು ಬರುತ್ತಾರೆ, ಕಷ್ಟದ ಚಿತ್ರಗಳು ಮೊದಲು, ಸೂರ್ಯಾಸ್ತ ಕೊನೆಗೆ.

ಹೋದ ಡಿಸೆಂಬರಿನ ರಜೆಯಲ್ಲಿ ಸಾಕ್ಷಿ ಕೆಟ್ಟಿತು. ಕೆಡಿಸಿದ್ದು ಒಂಬತ್ತು ವರ್ಷದ ಮಗಳು ಎಂದು ಗಂಡ ಹೇಳುತ್ತಾರೆ. ಕೆಡಿಸಿದ್ದು ನಿಯಮ ಎಂದು ನಾನು ಹೇಳುತ್ತೇನೆ.

ನಿಯಮ ಇಷ್ಟೇ. ಸ್ಟಾಫಿನ ಮಕ್ಕಳೂ ಉಳಿದವರಂತೆ ಹಾಸ್ಟೆಲ್ಲಿನಲ್ಲೇ ಇರಬೇಕು. ದೂರದ ಹಳ್ಳಿಗಳಿಂದ ಮನೆ ಬಿಟ್ಟು ಬಂದ ಹುಡುಗಿಯರ ಕಣ್ಣೆದುರು ಒಬ್ಬಳು ಮಾತ್ರ ಸಂಜೆ ಅಮ್ಮನ ಮನೆಗೆ ಹೋಗುವುದು ಸರಿಯಲ್ಲ ಎಂದು ಹಿಂದೆ ಯಾರೋ ಪುಣ್ಯಾತ್ಮರು ತೀರ್ಮಾನಿಸಿದ್ದಾರೆ. ತೀರ್ಮಾನಿಸಿದವರಿಗೆ ಮಕ್ಕಳಿದ್ದವೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಗೂ ಹುಡುಗಿಯರ ಹಾಸ್ಟೆಲ್ಲಿಗೂ ನಡುವೆ ಇರುವುದು ಒಂದು ವಾಲಿಬಾಲ್ ಅಂಗಳ. ಅಡುಗೆಮನೆಯ ಕಿಟಕಿಯಿಂದ ಅವರ ಬಟ್ಟೆ ಒಣಹಾಕುವ ತಂತಿ ಕಾಣುತ್ತದೆ. ನನ್ನ ಮಗಳ ಕಾಲುಚೀಲ ಯಾವುದೆಂದು ನನಗೆ ಗೊತ್ತು, ಅದನ್ನು ಒಗೆಯುವ ಅಧಿಕಾರ ಮಾತ್ರ ಇಲ್ಲ. ಶನಿವಾರ ಮಧ್ಯಾಹ್ನ ಊಟದಿಂದ ಸಂಜೆಯ ಗಂಟೆ ಬಾರಿಸುವವರೆಗೆ ಅವಳು ನಮ್ಮ ಮಗಳು. ಉಳಿದ ಹೊತ್ತಿನಲ್ಲಿ ನಾನು ಅವಳ ಗಣಿತದ ಮಿಸ್. ಅವಳಪ್ಪ ಹಾಸ್ಟೆಲ್ಲುಗಳ ಮುಖ್ಯ ವಾರ್ಡನ್. ಅಂದರೆ ಆ ನಿಯಮವನ್ನು ಕಾಯುವವರು ನನ್ನ ಗಂಡನೇ.

ಬೆಂಗಳೂರಿನಲ್ಲಿ ನಾವು ಇಳಿದುಕೊಂಡಿದ್ದು ಮಾರೇನಹಳ್ಳಿಯಲ್ಲಿ, ಬೇಕರಿಯ ಮೇಲಿನ ನನ್ನ ಅಮ್ಮನ ಮನೆಯಲ್ಲಿ. ಅಲ್ಲಿ ಮಗಳು ಒಂದು ದೋಸೆ ತಿಂದು ಮುಗಿಸಿ, ಬೆನ್ನು ನೆಟ್ಟಗೆ ಮಾಡಿ, ಬಲಗೈ ಎತ್ತಿದಳು. ನಾನು ನೋಡುವವರೆಗೂ ಎತ್ತಿಕೊಂಡೇ ಕೂತಿದ್ದಳು.

"ಮಿಸ್, ಇನ್ನೊಂದು ತಗೋಬಹುದಾ?"

ಇದು ಬಂದಿಳಿದ ಮೊದಲ ಬೆಳಗ್ಗೆ ನಡೆದದ್ದು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊದಲ ಬೆಳಗ್ಗೆ ಎಂದರೆ ಕೇಳುವವರಿಗೆ ಹಿಡಿಸುತ್ತದೆ. ಆದರೆ ಮೊದಲ ಬೆಳಗ್ಗೆ ಇಡ್ಲಿ ಮಾಡಿದ್ದೆ ಎಂದು ಅಮ್ಮ ಹಟ ಹಿಡಿಯುತ್ತಾಳೆ. ಹಾಗಿದ್ದರೆ ಅದು ಮೂರನೆಯದೋ ನಾಲ್ಕನೆಯದೋ ಬೆಳಗ್ಗೆ ಇರಬೇಕು. ಅಲ್ಲಿಯವರೆಗೆ ಆ ಮಗು ಒಂದೊಂದೇ ತಿಂದು ಸುಮ್ಮನೆ ಎದ್ದು ಹೋಗಿರಬೇಕು, ನಾವ್ಯಾರೂ ನೋಡಿರಲಿಕ್ಕಿಲ್ಲ. ಈ ಎರಡನೆಯ ಸಾಧ್ಯತೆ ನನಗೆ ಇಷ್ಟವಿಲ್ಲ. ಆದ್ದರಿಂದಲೇ ಅದು ನಿಜವಿರಬಹುದು.

ಅಮ್ಮ ಸೌಟು ಹಿಡಿದೇ ನನ್ನ ಕಡೆ ತಿರುಗಿದಳು. "ಏನೇ ಇದು? ಹೆತ್ತವಳನ್ನ ಮಿಸ್ ಅಂತಾಳೆ. ನೀನೇನು ಸಾಕ್ತಾ ಇದೀಯೋ, ಹಾಜರಿ ತಗೋತಾ ಇದೀಯೋ?"

ಅಮ್ಮ ನಿವೃತ್ತ ನರ್ಸ್. ಅವಳಿಗೆ ಒಂದು ರೋಗ ಕಂಡರೆ ಅಂದೇ ಚಿಕಿತ್ಸೆ ಶುರುವಾಗಬೇಕು. ಮಧ್ಯಾಹ್ನವೇ ಆಟೋ ಹಿಡಿದು ಬಸವೇಶ್ವರನಗರದ ಒಂದು ಶಾಲೆಗೆ ಹೋಗಿ, ಅಲ್ಲಿನ ಹೆಡ್‌ಮಿಸ್ಟ್ರೆಸ್‌ರನ್ನು ಕಂಡು, ಮೊಮ್ಮಗಳಿಗೆ ಸೀಟು ಕೇಳಿ ಬಂದಳು. ಸೀಟು ಇದೆಯಂತೆ. ವ್ಯಾನು ಮನೆ ಬಾಗಿಲಿಗೇ ಬರುತ್ತದಂತೆ. ನೀವಿಬ್ಬರೂ ಹೋಗಿ ನೆಮ್ಮದಿಯಾಗಿ ಪರರ ಮಕ್ಕಳ ಸೇವೆ ಮಾಡಿ, ಇವಳು ನನ್ನ ಹತ್ತಿರ ಇರುತ್ತಾಳೆ ಎಂದಳು.

ಇರುವ ಒಬ್ಬ ಮಗಳನ್ನು ಮೊಬೈಲಿನ ಪರದೆಯಲ್ಲಿ ನೋಡಿಕೊಂಡಿರಲು ನಾನು ತಯಾರಿರಲಿಲ್ಲ. ಹಾಗೆಂದು ಅವಳನ್ನು ತಂತಿಯ ಮೇಲಿನ ಕಾಲುಚೀಲದಲ್ಲಿ ನೋಡಿಕೊಂಡಿರುವುದೂ ಸಾಕಾಗಿತ್ತು. ಬರುವ ವರ್ಷದಿಂದ ಅವಳು ಅಲ್ಲಿ ನಮ್ಮ ಮನೆಯಲ್ಲೇ ಮಲಗಬೇಕು, ಇಲ್ಲದಿದ್ದರೆ ಅಮ್ಮ ಅವಳನ್ನು ಬಿಡುವುದಿಲ್ಲ ಎಂದು ಗಂಡನಿಗೆ ಹೇಳಿದೆ. ಅವರು ಶಾಂತವಾಗಿ ಕೇಳಿದರು. ನನ್ನ ಗಂಡನ ಶಾಂತಿಯಷ್ಟು ಪಿತ್ತ ಕೆರಳಿಸುವ ವಸ್ತು ಎರಡು ಖಂಡಗಳಲ್ಲೂ ಇಲ್ಲ.

"ನಾನೇ ವಾರ್ಡನ್. ನನ್ನ ಮಗಳನ್ನೇ ಮನೇಲಿಟ್ಕೊಂಡ್ರೆ ಮಿಕ್ಕ ಹುಡುಗೀರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?" ಎಂದರು.

ಇರುವ ಮುಖವನ್ನೇ ಇಟ್ಟುಕೊಂಡು ನಿಲ್ಲಿ ಎಂದೆ. ಆ ವಾರವೆಲ್ಲ ಹೀಗೇ ಕಳೆಯಿತು. ಅಮ್ಮ ಒಂದು ಕಡೆಯಿಂದ ಶಾಲೆಯ ಯೂನಿಫಾರ್ಮಿನ ಬಣ್ಣ ವರ್ಣಿಸುವುದು, ಇವರು ಇನ್ನೊಂದು ಕಡೆಯಿಂದ ಸಮಾನತೆ ವರ್ಣಿಸುವುದು. ಮಗಳನ್ನು ಯಾರೂ ಏನೂ ಕೇಳಲಿಲ್ಲ. ಅವಳು ಕೆಳಗಿನ ಬೇಕರಿಗೆ ಹೋಗಿ ಬನ್ನು ತರುವುದನ್ನು ಕಲಿತಿದ್ದಳು.

ಭಾನುವಾರ ಬಂತು. ಕಷ್ಟದ ಚಿತ್ರಗಳು ಮುಗಿದವು, ಪ್ರಾರ್ಥನೆಯವೂ ಮುಗಿದವು. ಆಗ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಅಭ್ಯಾಸದಂತೆ ಮೈಕನ್ನು ಮಗುವಿನ ಬಾಯಿಗೆ ಹಿಡಿದು, ಅಷ್ಟು ದೂರದ ದೇಶದಲ್ಲಿ ಅಪ್ಪ ಅಮ್ಮನ ಜೊತೆ ಇರಲು ಖುಷಿಯಾಗುತ್ತದಾ ಎಂದು ಕೇಳಿದರು. ಹಿಂದಿನ ರಜೆಯಲ್ಲಿ ಅವಳು ಸ್ವಾಹಿಲಿಯಲ್ಲಿ ಒಂದು ಸ್ತೋತ್ರ ಹಾಡಿ ಚಪ್ಪಾಳೆ ಗಿಟ್ಟಿಸಿದ್ದಳು. ಈ ಸಲ ಪ್ರಶ್ನೆಯನ್ನು ಪ್ರಶ್ನೆ ಎಂದೇ ತೆಗೆದುಕೊಂಡಳು.

"ಜೊತೆಗೆ ಇಲ್ಲ ಅಂಕಲ್. ಶನಿವಾರ ಮಾತ್ರ ಹೋಗ್ತೀನಿ. ಗಂಟೆ ಹೊಡೆದ್ರೆ ವಾಪಸ್ ಬರ್ಬೇಕು."

ಸಭೆ ಸ್ತಬ್ಧವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಫ್ಯಾನುಗಳು ಕಿರುಗುಟ್ಟುತ್ತಿದ್ದವು, ಹಿಂದಿನ ಬೆಂಚಿನಲ್ಲಿ ಯಾರದೋ ಮಗು ಅಳುತ್ತಿತ್ತು, ನನ್ನ ಅಮ್ಮ ಮುಂದಿನ ಸಾಲಿನಲ್ಲಿ ಕೂತು ಗಟ್ಟಿಯಾಗಿ "ಕೇಳಿಸ್ಕೊಂಡ್ರಾ?" ಎಂದಳು. ಗಂಡ ಗಡಿಬಿಡಿಯಲ್ಲಿ ನಾಲ್ಕೈದು ಚಿತ್ರ ಹಾರಿಸಿ ನೇರ ಸೂರ್ಯಾಸ್ತಕ್ಕೆ ಹೋದರು. ಅದನ್ನು ನೋಡಿ ಚಿಕ್ಕ ಮಕ್ಕಳು ಚಪ್ಪಾಳೆ ತಟ್ಟಿದವು.

ಹೊರಗೆ ಚಹಾದ ಹೊತ್ತಿಗೆ ಹಿರಿಯ ಆಂಟಿಯೊಬ್ಬರು ನನ್ನ ಗಂಡನ ಹತ್ತಿರ ಬಂದರು. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಇವರಿಗೆ ಪಾಠ ಹೇಳಿದವರು. "ಅಲ್ಲಪ್ಪಾ, ಹಾಸ್ಟೆಲ್‌ಗೆ ಹಾಕೋದಕ್ಕೆ ಆಫ್ರಿಕಾಕ್ಕೆ ಕರ್ಕೊಂಡು ಹೋಗ್ಬೇಕಿತ್ತಾ? ತುಮಕೂರಲ್ಲೇ ಇತ್ತಲ್ಲ," ಎಂದು ವಿಚಾರಿಸಿದರು. ವ್ಯಂಗ್ಯವೇನೂ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದರು. ಇವರ ಕೈಯ ಚಹಾ ತಣ್ಣಗಾಯಿತು.

ಮನೆಗೆ ಬಂದವರೇ ಗಂಡ ಬಾಲ್ಕನಿಗೆ ಹೋಗಿ ಪ್ರಿನ್ಸಿಪಾಲರಿಗೆ ಫೋನು ಮಾಡಿದರು. ನಾನು ಎರಡು ವರ್ಷ ಅತ್ತು, ಜಗಳವಾಡಿ, ಮಾತು ಬಿಟ್ಟು ಸಾಧಿಸಲಾಗದ್ದನ್ನು ತುಮಕೂರಿನ ಹೆಸರು ಒಂದು ಚಹಾದಲ್ಲಿ ಸಾಧಿಸಿತು. ಪ್ರಿನ್ಸಿಪಾಲರು ತುಂಬಾ ಒಳ್ಳೆಯ ಹೆಂಗಸು. ವಾರ್ಡನ್ನರೇ ಕೇಳುವುದಾದರೆ ಒಂದು ಟರ್ಮಿನ ಮಟ್ಟಿಗೆ ಮಗು ನಿಮ್ಮ ಮನೆಯಲ್ಲಿರಲಿ, ಇಷ್ಟು ದಿನ ನೀವೇಕೆ ಕೇಳಲಿಲ್ಲ ಎಂದರಂತೆ. ಆ ಕೊನೆಯ ಮಾತನ್ನು ಇವರು ನನಗೆ ಹೇಳಬಾರದಿತ್ತು.

ಮಗಳು ಅಜ್ಜಿಯ ಜೊತೆ ನೆಲದ ಮೇಲೆ ಕೂತು ಅವರೇಕಾಯಿ ಬಿಡಿಸುತ್ತಿದ್ದಳು. ನಾನು ಸುದ್ದಿ ಹೇಳಿದೆ. ಅವಳು ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದಳು.

"ನಂಗೆ ಬೇಡ."

"ಏನು ಬೇಡ?"

"ಮನೆ. ನನ್ನ ಮಂಚದ ಕೆಳಗಡೆ ಮಂಚದೋಳಿಗೆ ಹಲ್ಲಿ ಕಂಡ್ರೆ ಭಯ. ನಾನೇ ಓಡಿಸ್ಬೇಕು."

ಅಮ್ಮನ ಮುಖ ಅರಳಿತು. ಹಾಗಾದರೆ ಅಜ್ಜಿ ಮನೆಯಲ್ಲೇ ಇದ್ದುಬಿಡು ಎಂದಳು. ಇಲ್ಲೂ ಹಲ್ಲಿಗಳಿವೆ ಎಂದು ಆಸೆ ಬೇರೆ ತೋರಿಸಿದಳು. ಅಜ್ಜಿ ಮನೆ ರಜಕ್ಕೆ ಚೆಂದ ಎಂದು ಮಗಳು ಬಹಳ ಮರ್ಯಾದೆಯಿಂದ ತಿರಸ್ಕರಿಸಿದಳು. ಮೂವರು ದೊಡ್ಡವರು ಒಂದು ವಾರ ಕಿತ್ತಾಡಿ ಎರಡು ಮನೆಗಳನ್ನು ಅವಳ ಮುಂದಿಟ್ಟರೆ ಅವಳಿಗೆ ಬೇಕಾಗಿದ್ದು ಮೂರನೆಯದು, ನಾನು ದ್ವೇಷಿಸುತ್ತಿದ್ದದ್ದು.

ಸಾಕ್ಷಿ ಹೇಳುವುದಾದರೆ ಇಲ್ಲಿ ನನಗೆ ಜ್ಞಾನೋದಯವಾಗಬೇಕು. ಆಗಲಿಲ್ಲ, ಸಿಟ್ಟು ಬಂತು. ನಾನು ಚೌಕಾಸಿಗೆ ಇಳಿದೆ. ಸರಿ, ಹಾಸ್ಟೆಲ್ಲಿನಲ್ಲೇ ಇರು, ಶುಕ್ರವಾರ, ಶನಿವಾರ ನಮ್ಮಲ್ಲಿ ಮಲಗು ಎಂದೆ. ಅವಳು ನನಗೆ ಉತ್ತರಿಸದೆ ಅಪ್ಪನ ಕಡೆ ತಿರುಗಿ, ಕೆಳಗಿನ ಮಂಚದವಳೂ ಬರಬಹುದಾ ಎಂದು ಕೇಳಿದಳು. ಒಬ್ಬಳು ಬಂದರೆ ಉಳಿದವರೂ ಕೇಳುತ್ತಾರೆ ಎಂದರು ವಾರ್ಡನ್. ಹಾಗಾದರೆ ವಾರಕ್ಕೊಬ್ಬಳಂತೆ ಸರದಿಯ ಮೇಲೆ ಬರಲಿ, ಮೊದಲ ವಾರ ಮಾತ್ರ ಅವಳೇ ಎಂದಳು ಮಗಳು.

ಗಂಡನ ಮುಖ ಬೆಳಗಿದ್ದನ್ನು ನೋಡಬೇಕಿತ್ತು. ಒಬ್ಬಳಿಗೆ ಕೊಟ್ಟರೆ ವಿನಾಯಿತಿ, ಎಲ್ಲರಿಗೂ ಕೊಟ್ಟರೆ ಪದ್ಧತಿ. ಅಲ್ಲೇ ನಿಂತು ಅದಕ್ಕೆ 'ಮನೆವಾಸ ಯೋಜನೆ' ಎಂದು ಹೆಸರನ್ನೂ ಇಟ್ಟರು.

ಅಮ್ಮ ಅವರೇಸಿಪ್ಪೆ ಬಾಚುತ್ತಾ ನನ್ನನ್ನು ನೋಡಿದಳು. "ಮಗೂನ ಮನೆಗೆ ತಂದ್ಕೊಳಕ್ಕೆ ಹೋಗಿ ಹಾಸ್ಟೆಲ್ಲನ್ನೇ ಮನೆಗೆ ತಂದ್ಕೊಂಡ್ಯಲ್ಲೇ."

ಹೊರಡುವ ಮುಂಚೆ, ಮಗಳೂ ಬರುವ ಹುಡುಗಿಯೂ ಮಲಗಲು ಚಾಪೆ ಕೊಳ್ಳಲೆಂದು ವಿಜಯನಗರದ ಮಾರ್ಕೆಟ್ಟಿಗೆ ಹೋದೆವು. ಚಾಪೆ ಅಲ್ಲೂ ಸಿಗುತ್ತದೆ ಎಂದು ಗಂಡ ಸತ್ಯವನ್ನೇ ಹೇಳಿದರು. ಇಲ್ಲಿಂದಲೇ ಒಯ್ಯುತ್ತೇನೆ ಎಂದೆ. ಅಂಗಡಿಯವನು ಎರಡಾಳಿನ ಚಾಪೆಯೊಂದನ್ನು ಬಾಗಿಲ ಬಳಿ ಬಿಡಿಸಿ ಹಾಸಿದ. ಮಗಳು ಚಪ್ಪಲಿ ಬಿಟ್ಟು, ಒಂದು ಅಂಚಿಗೆ ಒತ್ತಿಕೊಂಡು ಮಲಗಿ, ಪಕ್ಕದ ಜಾಗ ತಟ್ಟಿದಳು. ಸಾಕಾಗುತ್ತದೋ ಇಲ್ಲವೋ ನೋಡಬೇಕಂತೆ, ನಾನೂ ಮಲಗಬೇಕಂತೆ. ಜನ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು. ಎದ್ದೇಳು, ಹುಚ್ಚು ಹಿಡಿದಿದೆಯಾ ಎಂದು ಅಮ್ಮ ಮೊಮ್ಮಗಳನ್ನು ಗದರುತ್ತಿದ್ದಳು. ಸೆರಗು ಎಳೆದುಕೊಂಡು ಮಲಗಿದೆ.

ಮಗಳು ನನ್ನ ಭುಜಕ್ಕೂ ತನ್ನ ಭುಜಕ್ಕೂ ನಡುವೆ ಗೇಣು ಹಾಕಿ ಅಳೆದಳು.

"ಸ್ವಲ್ಪ ಆ ಕಡೆ ಹೋಗಿ. ಅವ್ಳು ಇಷ್ಟೊಂದು ಜಾಗ ತಗೊಳಲ್ಲ."

ನಾನು ಸರಿದೆ. ಕಟ್ಟಿಕೊಡಲಾ ಮೇಡಂ ಎಂದು ಅಂಗಡಿಯವನು ಕೇಳಿದ. ಇನ್ನೂ ಸ್ವಲ್ಪ ಹೊತ್ತು ನೋಡಬೇಕು ಎಂದೆ.